ನಿಂತ ಕಾಲಿನ ಅಳತೆ

ಬೀದಿಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಜೋಡು ಹೊಲಿಯುವವನೊಬ್ಬ ಇದ್ದನಂತೆ. ಅವನ ಅಂಗಡಿಯ ಗೂಡಿನಲ್ಲಿ ಊರಿನವರೆಲ್ಲರ ಕಾಲುಗಳೂ ಇದ್ದವಂತೆ, ಮರದ ಕಾಲುಗಳು. ಮಟಮಟ ಮಧ್ಯಾಹ್ನ ಊರಿಗೆ ಊರೇ ಉಂಡು ಅಡ್ಡಾದಾಗ ಆ ಕಾಲುಗಳು ಗೂಡಿನಿಂದಿಳಿದು, ಟಕಟಕ ಅಂತ ತಮ್ಮ ತಮ್ಮ ಯಜಮಾನರ ಮನೆಗೆ ಹೋಗಿ, ಕುಶಲ ವಿಚಾರಿಸಿ, ಯಾರೂ ಏಳುವ ಮೊದಲೇ ಹಿಂತಿರುಗುತ್ತಿದ್ದವಂತೆ. ಆದರೆ ಹೊಲಿಯುವವನು ಯಾರಿಗಾದರೂ ಮಾತು ಕೊಟ್ಟು ಜೋಡು ಮಾಡದೆ ಹೋದರೆ, ಆ ಒಂದು ಕಾಲು ಮಾತ್ರ ವಾಪಸು ಬರುತ್ತಿರಲಿಲ್ಲ. ಯಜಮಾನನ ಹೊಸ್ತಿಲ ಮೇಲೆ ನಿಂತುಬಿಡುತ್ತಿತ್ತು. ಹೋಗೋರು ಬರೋರೆಲ್ಲ ಅದನ್ನು ನೋಡುತ್ತಿದ್ದರು.

ಆಮೇಲೆ ಏನಾಯಿತು ಅಂತ ಕೇಳಿದರೆ ಅಜ್ಜಿ, ಆಮೇಲೆ ಏನಾಗುತ್ತೆ, ಮಾತು ಉಳಿಸಿಕೊಳ್ಳೋ ತನಕ ಅದು ಅಲ್ಲೇ ನಿಂತಿರುತ್ತೆ, ಮಲಗು ಅನ್ನುತ್ತಿದ್ದಳು.

ಅಜ್ಜಿ ಈ ಕಥೆ ಕಟ್ಟಿದ್ದು ನಮ್ಮ ಅಂಗಡಿಯ ಗೂಡನ್ನು ನೋಡಿಯೇ ಇರಬೇಕು. ಅಪ್ಪ ಖಾಯಂ ಗಿರಾಕಿಗಳ ಕಾಲಿನ ಅಚ್ಚುಗಳನ್ನು ಮರದಲ್ಲಿ ಕೆತ್ತಿ ಅಲ್ಲಿ ಸಾಲಾಗಿ ಇಟ್ಟಿದ್ದ. ಹೊಸ ಜೋಡಿಗೆ ಯಾರೇ ಬರಲಿ, ಅಚ್ಚಿದ್ದರೂ ಸರಿಯೇ, ಅವರನ್ನು ನೆಲದ ಮೇಲೆ ಹಾಸಿದ ಕಾಗದದ ಮೇಲೆ ನಿಲ್ಲಿಸಿ, ತಾನು ಮಂಡಿಯೂರಿ, ಪೆನ್ಸಿಲಿನಿಂದ ಕಾಲಿನ ಸುತ್ತ ಗೀಟು ಎಳೆಯುತ್ತಿದ್ದ. ಕೂತ ಕಾಲು ಸುಳ್ಳು ಹೇಳುತ್ತೆ, ಮೈಯ ಭಾರ ಹೊತ್ತ ಕಾಲು ಮಾತ್ರ ನಿಜ ಹೇಳುತ್ತೆ ಅನ್ನುವುದು ಅವನ ಮಾತು. ಅದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ಕೈಗೆ ಇಳಿಯಬೇಕಾದರೆ ಬೇರೆಯೇ ಕಾಲ ಬೇಕಾಗುತ್ತದೆ.

ಅಪ್ಪ ಹೋದಾಗ ನನಗೆ ಇಪ್ಪತ್ತಮೂರು. ಅಂಗಡಿ ನನ್ನ ಕೈಗೆ ಬಂತು, ಅದರ ಜೊತೆ ನನ್ನ ಕನಸುಗಳೂ ಬಂದವು. ಹಳೆಯ ಹಲಗೆ ಬಾಗಿಲು ತೆಗೆಸಿ ಬೀದಿಗೆ ಗಾಜು ಹಾಕಿಸಿದೆ. ಅಟ್ಟೆ ಹೊಲಿಯುವ ಯಂತ್ರ ಕೊಂಡೆ. ಯಂತ್ರಕ್ಕೆ ಬ್ಯಾಂಕಿನ ಸಾಲ, ಗಾಜಿಗೆ ಕಾರ್ಡಿನ ಸಾಲ, ಚರ್ಮಕ್ಕೆ ಚರ್ಮದ ವ್ಯಾಪಾರಿಯ ಉದ್ದರಿ, ಇದರ ನಡುವೆ ಆರು ತಿಂಗಳ ಬಾಡಿಗೆಯನ್ನು ಕಟ್ಟಡದ ಮಾಲೀಕನಿಗೆ ಉಳಿಸಿಕೊಂಡೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಅಮ್ಮ ಆ ಗಾಜಿನ ಎದುರೇ ನಿಂತು ಹೇಳಿದಳು. ಜನ ಬರುತ್ತಿದ್ದರು, ಇಲ್ಲ ಅಂತಲ್ಲ. ಗಾಜಿನ ಮುಂದೆ ನಿಂತು, ಕೂದಲು ಸರಿಮಾಡಿಕೊಂಡು, ಮುಂದಿನ ತಿರುವಿನಲ್ಲಿದ್ದ ಸಿದ್ಧ ಶೂಗಳ ದೊಡ್ಡ ಅಂಗಡಿಗೆ ಹೋಗುತ್ತಿದ್ದರು. ಆ ಬೀದಿಯಲ್ಲಿ ಅಷ್ಟು ಒಳ್ಳೆಯ ಕನ್ನಡಿ ಇನ್ನೊಂದಿರಲಿಲ್ಲ.

ಎರಡು ವರ್ಷಕ್ಕೆ ನಾಲ್ಕು ಕಡೆಯಿಂದಲೂ ಕಾಗದ ಬರತೊಡಗಿದಾಗ ಸಾಲ ಸಲಹೆಯ ಕಚೇರಿಗೆ ಹೋದೆ. ಅಲ್ಲಿನ ಮೇಡಂ ನಾಲ್ವರ ಹತ್ತಿರವೂ ಮಾತಾಡಿ ಕಂತಿನ ಒಪ್ಪಂದ ಮಾಡಿಸಿಕೊಟ್ಟರು. ಪ್ರತಿ ತಿಂಗಳ ಹತ್ತನೇ ತಾರೀಕು ನಾನು ಒಂದು ಮೊತ್ತ ಕಟ್ಟುವುದು, ಅದನ್ನು ಕಚೇರಿ ನಾಲ್ವರಿಗೂ ಹಂಚುವುದು. ಬಡ್ಡಿ ಏರುವುದಿಲ್ಲ, ಯಾರೂ ಅಂಗಡಿಗೆ ಬಂದು ಕೂಗಾಡುವುದಿಲ್ಲ. ಹೀಗೆ ಐದು ವರ್ಷ. ಮೂರು ತಿಂಗಳು ತಪ್ಪಿದರೆ ಒಪ್ಪಂದ ಮುರಿದಂತೆ. ನನಗೆ ಆ ಒಪ್ಪಂದದ ಮೇಲೆ ಒಂದು ಥರದ ಪ್ರೀತಿಯೇ ಹುಟ್ಟಿತ್ತು. ಸಾಲ ತೀರಿಸ್ತಾ ಇದ್ದೀನಿ ಅನ್ನುವುದು ತಲೆಯೆತ್ತಿ ಹೇಳಬಹುದಾದ ಮಾತು.

ಹತ್ತನೇ ಕಂತಿನ ತಿಂಗಳು, ಎಂಟನೇ ತಾರೀಕು, ಎದುರಂಗಡಿಯ ಗಡಿಯಾರದ ಮಾಮ ರಸ್ತೆ ದಾಟಿ ಬಂದರು.

ಮಾಮ ಗಡಿಯಾರ ರಿಪೇರಿ ಮಾಡುವವರು, ಅಪ್ಪನ ಓರಗೆಯವರು. ಹುಟ್ಟಿನಿಂದಲೇ ಅವರ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಅಪ್ಪ ಅವರ ಎಡ ಜೋಡಿನೊಳಗೆ ಎರಡು ಬೆರಳು ದಪ್ಪದ ಬೆಂಡು ಕೂರಿಸಿ, ಅದರ ಮೇಲೆ ಚರ್ಮ ಎಳೆದು, ಹೊಲಿಗೆಯೂ ಕಾಣದಂತೆ ಮಾಡಿಕೊಡುತ್ತಿದ್ದ. ಆ ಜೋಡು ಮೆಟ್ಟಿದರೆ ಮಾಮ ಕುಂಟುತ್ತಾರೆ ಅನ್ನುವುದು ಗೊತ್ತೇ ಆಗುತ್ತಿರಲಿಲ್ಲ. ಹಳೆಯದು ಸವೆದಿದೆ, ನಿಮ್ಮಪ್ಪ ಮಾಡ್ತಿದ್ದ ಹಾಗೇ ಮಾಡಿಕೊಡು ಅಂದು, ಪೂರ್ತಿ ಹಣ ಎಣಿಸಿ ಮುಂಗಡವಾಗಿಯೇ ಇಟ್ಟರು. ನಾನು ಚಿಕ್ಕವಳಿದ್ದಾಗ ಅವರ ಅಂಗಡಿಯ ಮೆಟ್ಟಿಲಲ್ಲಿ ಕೂತು ಅಜ್ಜಿಯ ಕಥೆಗಳನ್ನೆಲ್ಲ ಒಪ್ಪಿಸುತ್ತಿದ್ದೆನಾದ್ದರಿಂದ ಅವರ ಬಾಯಲ್ಲಿ ನಾನು ಕಥೆಪುಟ್ಟಿ.

"ಅವಸರ ಏನಿಲ್ಲ ಕಥೆಪುಟ್ಟಿ," ಅಂದರು. "ಮಾಡೇ ಮಾಡ್ತೀಯ, ನಂಗೊತ್ತು."

"ಮಾಡೇ ಮಾಡ್ತೀನಿ ಮಾಮ," ಅಂದೆ.

ಎರಡು ದಿನ ಬಿಟ್ಟು ಆ ಹಣವನ್ನು ಕಂತಿಗೆ ಕಟ್ಟಿದೆ.

ಮುಂದಿನ ತಿಂಗಳು ಬೆಂಡು ತರೋಣ ಅಂದುಕೊಂಡೆ. ಮುಂದಿನ ತಿಂಗಳಿಗೂ ಒಂದು ಹತ್ತನೇ ತಾರೀಕು ಇತ್ತು. ಅದರ ಮುಂದಿನದಕ್ಕೂ ಇತ್ತು. ಒಮ್ಮೆ ಮಾಮ ರಸ್ತೆಯಾಚೆಯಿಂದ, ಆಯ್ತಾ ಅಂತ ಸನ್ನೆ ಮಾಡಿ ಕೇಳಿದರು. ನಾನು ನಗಾಡಿ ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಏನರ್ಥ ಅಂತ ನನಗೇ ಗೊತ್ತಿರಲಿಲ್ಲ. ಮಾರನೆಯ ದಿನದಿಂದ ನಾನು ಹಿಂದಿನ ಓಣಿಯಿಂದ ಬಂದು ಹಿಂಬಾಗಿಲಿನಿಂದ ಅಂಗಡಿಯೊಳಗೆ ಹೋಗತೊಡಗಿದೆ. ಎದುರಿನ ಗಾಜಿಗೆ ಒಳಗಿನಿಂದ ಪರದೆ ಎಳೆದೆ. ಬಿಸಿಲಿಗೆ ಚರ್ಮ ಒಣಗುತ್ತೆ ಅಂತ ಅಮ್ಮನಿಗೆ ಹೇಳಿದೆ.

ಪರದೆ ಕಣ್ಣು ಮುಚ್ಚಬಹುದು, ಕಿವಿಗೆ ಪರದೆಯಿಲ್ಲ. ದಿನಾ ಬೆಳಿಗ್ಗೆ ಮಾಮ ಅಂಗಡಿ ತೆಗೆಯಲು ಬರುವಾಗ ಸದ್ದು ಕೇಳುತ್ತಿತ್ತು. ಮೊದಲು ಟಕ್, ಟಕ್. ಕೆಲವು ತಿಂಗಳಲ್ಲಿ ಟಕ್, ಸರ್. ಆಮೇಲೆ ಟಕ್, ಸರ್ರ್, ನಡುವೆ ಒಂದು ನಿಲುಗಡೆ. ಎಡ ಅಟ್ಟೆ ಸವೆದು ಬೆಂಡು ನೆಲಕ್ಕೆ ತಾಗುವ ಸದ್ದು ಅದು. ನನ್ನ ಕಸುಬಿನವರಿಗೆ ಕಣ್ಣಿಂದ ನೋಡುವುದೇ ಬೇಡ. ಅವರು ರಸ್ತೆಯಲ್ಲಿ ನಡೆದ ಹಾಗಿರಲಿಲ್ಲ, ನನ್ನ ಎದೆಯ ಮೇಲೆ ನಡೆದ ಹಾಗಿರುತ್ತಿತ್ತು.

ಹತ್ತೊಂಬತ್ತು ಕಂತು ಕಟ್ಟಿದೆ. ಇಪ್ಪತ್ತನೆಯದು ತಪ್ಪಿತು. ಇಪ್ಪತ್ತೊಂದೂ ತಪ್ಪಿದಾಗ ಮೇಡಂ ಕರೆಸಿಕೊಂಡರು.

ಅವರ ಕೋಣೆಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮೇಜು, ಅಳುವವರಿಗಾಗಿ ಕಾಗದದ ಕರವಸ್ತ್ರದ ಒಂದು ಡಬ್ಬಿ. ನಾನು ಅವರ ಕಾಲು ನೋಡುತ್ತ ಕೂತೆ. ಬಲಗಾಲಿನ ಹಿಮ್ಮಡಿ ಹೊರಬದಿಗೆ ಸವೆದಿತ್ತು. ತಲೆ ತಗ್ಗಿಸುವುದು ನಮ್ಮ ಕಸುಬಿನಲ್ಲೇ ಇದೆ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ.

"ನೀವು ತೂತು ಬಿಂದಿಗೆಗೆ ನೀರು ಹೊಯ್ತಾ ಇದ್ದೀರಿ," ಅಂದರು ಮೇಡಂ. "ಇನ್ನೂ ನಲವತ್ತೊಂದು ಕಂತಿದೆ. ಆಗುತ್ತಾ?"

ಅವರ ಸವೆದ ಹಿಮ್ಮಡಿಯನ್ನೇ ನೋಡುತ್ತ, ಆಗಲ್ಲ ಅಂದೆ.

ಹಾಗಾದರೆ ಕಂತು ಬಿಟ್ಟು ದಿವಾಳಿ ಅರ್ಜಿ ಹಾಕುವುದೇ ದಾರಿ ಅಂದರು. ಯಂತ್ರ, ಗಾಜು, ಉಳಿದ ಚರ್ಮ ಎಲ್ಲ ಹೋಗುತ್ತೆ. ಹಾಸಿಗೆ, ಬಟ್ಟೆ, ಕೈಕಸುಬಿನ ಸಣ್ಣ ಉಪಕರಣ ಉಳಿಯುತ್ತೆ. ಸಾಲದ ಬಾಕಿ ಬಿದ್ದುಹೋಗುತ್ತೆ. ಹೆಸರು ಕೆಲವು ವರ್ಷ ಕಡತದಲ್ಲಿರುತ್ತೆ, ಯಾರೂ ಸಾಲ ಕೊಡುವುದಿಲ್ಲ. ಒಳ್ಳೆಯದೇ ಆಯ್ತಲ್ಲ ಅಂತ ಅವರು ಸಣ್ಣಗೆ ನಕ್ಕರು. ನಾನು ನಗಲಿಲ್ಲ. ನಮ್ಮ ಅಜ್ಜಿಯ ಕಾಲದವರು ಅದನ್ನು ಪಾಪರ್ ಚೀಟಿ ಅನ್ನುತ್ತಿದ್ದರು. ಅವನು ಪಾಪರ್ ಚೀಟಿ ತಗೊಂಡನಂತೆ ಅನ್ನುವಾಗ ಅಜ್ಜಿ ದನಿ ತಗ್ಗಿಸುತ್ತಿದ್ದಳು, ಯಾರದೋ ಕೆಟ್ಟ ಕಾಯಿಲೆಯ ಸುದ್ದಿ ಹೇಳುವ ಹಾಗೆ. ರಾಕ್ಷಸನ ಕಥೆಗೂ ಅವಳು ಅಷ್ಟು ದನಿ ತಗ್ಗಿಸಿದ್ದಿಲ್ಲ.

ಮೇಡಂ ಒಂದು ನಮೂನೆ ಕೊಟ್ಟು, ಕೊಡಬೇಕಾದವರ ಹೆಸರೆಲ್ಲ ಬರೆಯಿರಿ ಅಂದರು. ನಾಲ್ಕು ಹೆಸರು ಬರೆದೆ.

"ಇಷ್ಟೇನಾ? ನೆಂಟರು, ಗೆಳೆಯರು, ಮುಂಗಡ ಕೊಟ್ಟ ಗಿರಾಕಿ, ಯಾರನ್ನೂ ಬಿಡೋ ಹಾಗಿಲ್ಲ. ಎಲ್ಲರಿಗೂ ಕಚೇರಿಯಿಂದ ಕಾಗದ ಹೋಗುತ್ತೆ. ಒಬ್ಬರಿಗೆ ಮಾತ್ರ ಗುಟ್ಟಾಗಿ ತೀರಿಸೋ ಹಾಗೂ ಇಲ್ಲ."

"ಇಷ್ಟೇ," ಅಂದೆ.

ಶುಕ್ರವಾರ ಬಂದು ಸಹಿ ಮಾಡಿ ಅಂದರು. ಅವತ್ತು ಸೋಮವಾರ. ಮೆಟ್ಟಿಲು ಇಳಿಯುವಷ್ಟರಲ್ಲಿ ನನ್ನ ತಲೆಯಲ್ಲಿ ಲೆಕ್ಕ ಮುಗಿದಿತ್ತು. ಶುಕ್ರವಾರದೊಳಗೆ ಜೋಡು ಮಾಡಿ ಮುಟ್ಟಿಸಿಬಿಟ್ಟರೆ ಮಾಮನಿಗೆ ನಾನು ಕೊಡಬೇಕಾದ್ದು ಏನೂ ಉಳಿಯುವುದಿಲ್ಲ. ಹೆಸರು ಪಟ್ಟಿಗೆ ಬರುವುದಿಲ್ಲ, ಕಾಗದ ಹೋಗುವುದಿಲ್ಲ, ಅವರ ದುಡ್ಡನ್ನು ನಾನು ಏನು ಮಾಡಿದೆ ಅಂತ ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಬ್ಯಾಂಕಿನವರ ಎದುರು ಮಾನ ಹೋದರೆ ಹೋಗಲಿ. ಆ ಒಬ್ಬರ ಎದುರು ಹೋಗಬಾರದು.

ಮನೆಯಲ್ಲಿ ಅಮ್ಮನಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು, ಮಡಿಸುವುದನ್ನು ನಿಲ್ಲಿಸಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಊರವರ ಕಾಲೆಲ್ಲ ಅಳೆದವರ ಮಗಳಿಗೆ ತನ್ನ ಕಾಲಿನ ಅಳತೆ ಗೊತ್ತಾಗಲಿಲ್ಲವಲ್ಲ ಅಂದಳು. ಆಮೇಲೆ, "ನಿಮ್ಮಜ್ಜಿ ನಿನ್ನ ಕಿವಿಗೆ ಬರೀ ಕಥೆ ತುಂಬಿದ್ರು. ಲೆಕ್ಕ ಯಾರೂ ತುಂಬಲಿಲ್ಲ," ಅಂದು ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. ಮಾಮನ ಹಣದ ವಿಷಯ ಅವಳಿಗೂ ಹೇಳಲಿಲ್ಲ.

ಮಂಗಳವಾರ, ಬುಧವಾರ ಪರದೆಯ ಹಿಂದೆ ಕೂತು ಕೆಲಸ ಮಾಡಿದೆ. ಅಪ್ಪನ ಪೆಟ್ಟಿಗೆಯ ತಳದಲ್ಲಿ ಒಂದು ತುಂಡು ಬೆಂಡು ಸಿಕ್ಕಿತು. ಹಸುವಿನ ಒಳ್ಳೆಯ ಚರ್ಮ ಒಂದು ಜೋಡಿಗಾಗುವಷ್ಟು ಉಳಿದಿತ್ತು. ಗೂಡಿನಿಂದ ಮಾಮನ ಎರಡು ಮರದ ಕಾಲುಗಳನ್ನು ಇಳಿಸಿದೆ. ಅಪ್ಪನ ಅಳತೆ ಪುಸ್ತಕದಲ್ಲಿ ಬರೆದಿತ್ತು: ಎಡಕ್ಕೆ ಎರಡು ಬೆರಳು. ಹೊಸದಾಗಿ ನಿಲ್ಲಿಸಿ ಅಳೆಯಬೇಕು ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಳೆಯಬೇಕಾದರೆ ಅವರನ್ನು ಕರೆಯಬೇಕು, ಅವರ ಕಾಲ ಬುಡದಲ್ಲಿ ಮಂಡಿಯೂರಬೇಕು, ಅಲ್ಲಿಂದ ಒಮ್ಮೆಯಾದರೂ ತಲೆಯೆತ್ತಬೇಕು. ಕಾಲು ಮೂವತ್ತು ವರ್ಷದಿಂದ ಅದೇ ಕಾಲಲ್ಲವೇ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊಲಿಗೆ ಮಾತ್ರ ಚೆನ್ನಾಗಿ ಬಂತು. ಅಪ್ಪ ನೋಡಿದ್ದರೆ ಬೆರಳಿನಿಂದ ಒಮ್ಮೆ ಸವರಿ ಸುಮ್ಮನಾಗುತ್ತಿದ್ದ, ಅದೇ ಅವನ ಶಹಭಾಸ್.

ಗುರುವಾರ ಬೆಳಿಗ್ಗೆ ಮಾಮ ಬರುವ ಮೊದಲು ಜೋಡನ್ನು ಡಬ್ಬಿಯಲ್ಲಿಟ್ಟು ಅವರ ಬಾಗಿಲಿಗೆ ಆನಿಸಿ, ಕದ್ದ ಬೆಕ್ಕಿನ ಹಾಗೆ ಓಡಿ ಬಂದು ಪರದೆಯ ಸಂದಿಯಲ್ಲಿ ಕಣ್ಣಿಟ್ಟೆ.

ಮಾಮ ಬಂದರು. ಡಬ್ಬಿ ತೆರೆದರು, ಮೂಸಿ ನೋಡಿದರು, ಮೆಟ್ಟಿಲ ಮೇಲೆ ಕೂತು ಹೊಸ ಜೋಡು ಹಾಕಿಕೊಂಡು ಎದ್ದರು. ನಾಲ್ಕು ಹೆಜ್ಜೆ ಇಟ್ಟರು. ಎಡಕ್ಕೆ ವಾಲುತ್ತಿದ್ದವರು ಈಗ ಬಲಕ್ಕೆ ವಾಲಿದರು. ಐದನೇ ಹೆಜ್ಜೆಗೆ ಸೊಂಟ ಹಿಡಿದುಕೊಂಡು ಬಾಗಿಲು ಹಿಡಿದರು. ಅಲ್ಲೇ ಕೂತು ಹಳೆಯದನ್ನೇ ಮತ್ತೆ ಹಾಕಿಕೊಂಡರು. ಡಬ್ಬಿಯನ್ನು ಕಂಕುಳಲ್ಲಿಟ್ಟು ರಸ್ತೆ ದಾಟತೊಡಗಿದಾಗ ನಾನು ಪರದೆ ಬಿಟ್ಟೆ. ಎದುರಿನ ಬಾಗಿಲು ಬಡಿಯುತ್ತಾರೆ ಅಂತ ಕಾದೆ. ಟಕ್, ಸರ್ರ್. ಸದ್ದು ಅಂಗಡಿಯನ್ನು ಸುತ್ತಿ ಓಣಿಗೆ ಬಂತು, ಹಿಂಬಾಗಿಲ ಮುಂದೆ ನಿಂತಿತು.

"ಈ ಬಾಗಿಲು ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ?" ಅಂದರು ಮಾಮ. ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಡಬ್ಬಿಯನ್ನು ನನ್ನ ಕೆಲಸದ ಮಣೆಯ ಮೇಲಿಟ್ಟರು. "ಹಳೇ ಅಳತೇಲಿ ಮಾಡಿದ್ದೀಯ."

ನಾನು ಅವರ ಕಾಲನ್ನೇ ನೋಡುತ್ತಿದ್ದೆ. ಎಡ ಅಟ್ಟೆಯ ಅಂಚಿನಲ್ಲಿ ಬೆಂಡು ಪುಡಿಯಾಗಿ ಉದುರುತ್ತಿತ್ತು.

"ನಿಮ್ಮಪ್ಪ ಪ್ರತಿ ಸಲ ನಿಲ್ಲಿಸಿ ಅಳೀತಿದ್ದ. ನೀನ್ಯಾಕೆ ಕರೀಲಿಲ್ಲ?"

"ನಿಮಗೆ ತೋರಿಸೋಕೆ ಮುಖ ಇರ್ಲಿಲ್ಲ ಮಾಮ."

"ಅಳತೆಗೆ ಬೇಕಾದ್ದು ನನ್ನ ಕಾಲು. ನಿನ್ನ ಮುಖ ಯಾರು ಕೇಳಿದ್ರು?"

ಆಗ ಹೇಳಿದೆ. ಹಣವನ್ನು ಬಂದ ಎರಡೇ ದಿನಕ್ಕೆ ಕಂತಿಗೆ ಕಟ್ಟಿದ್ದು, ಕಂತೂ ಮುರಿದದ್ದು, ನಾಳೆ ದಿವಾಳಿ ಅರ್ಜಿಗೆ ಸಹಿ ಹಾಕುವುದು, ಪಟ್ಟಿಯಲ್ಲಿ ಅವರ ಹೆಸರು ಬಿಟ್ಟು ಸುಳ್ಳು ಹೇಳಿದ್ದು. ದಿವಾಳಿ ಅನ್ನುವ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅಮ್ಮನ ಎದುರು ಬಿಟ್ಟರೆ ಅದೇ ಮೊದಲು. ಅಂಗಡಿಯ ಗೂಡಿನಲ್ಲಿದ್ದ ಕಾಲುಗಳೆಲ್ಲ ಕೇಳಿಸಿಕೊಂಡವು ಅನ್ನಿಸಿತು.

ಮಾಮ ಡಬ್ಬಿಯ ಮುಚ್ಚಳ ತೆರೆದು ಮತ್ತೆ ಮುಚ್ಚಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

"ನಾನು ಏನಂದ್ಕೊಂಡಿದ್ದೆ ಗೊತ್ತಾ," ಅಂದರು. "ಆವತ್ತು ಒಂದ್ಸಲ ಆಯ್ತಾ ಅಂತ ಕೇಳಿದ್ನಲ್ಲ, ಅದಕ್ಕೆ ಮುನಿಸ್ಕೊಂಡು ಪರದೆ ಹಾಕಿದ್ದೀಯ ಅಂತ. ತಂದೆ ಇಲ್ಲದ ಹುಡುಗಿ, ಬಾಯಿ ಮುಚ್ಕೊಂಡಿರಬೇಕಿತ್ತು ಅಂತ ಇಷ್ಟು ದಿನ ನನ್ನನ್ನೇ ನಾನು ಬೈಕೊಂಡೆ. ಅದನ್ನ ಯಾವ ಪಟ್ಟೀಲಿ ಬರೀತೀಯ?"

 

ಅವರು ಹಳೆಯ ಜೋಡನ್ನು ಕಳಚಿದರು. "ಅಳೆ," ಅಂದರು.

ಕಾಗದ ಹಾಸಿ, ಮಂಡಿಯೂರಿ, ಅವರನ್ನು ನಿಲ್ಲಿಸಿದೆ. ಎಡಗಾಲಿನ ಕೆಳಗೆ ತೆಳು ಚರ್ಮದ ತುಂಡುಗಳನ್ನು ಒಂದೊಂದಾಗಿ ಸೇರಿಸುತ್ತ ಸೊಂಟ ಸಮವಾಗುವುದನ್ನು ನೋಡಿದೆ. ಒಂದೂವರೆ ಬೆರಳಿಗೆ ಬಂದಾಗ ಸಮವಾಯಿತು. ಇನ್ನೊಂದು ತುಂಡು ಇಟ್ಟರೆ ಮಾಮ ಹಲ್ಲು ಕಚ್ಚುತ್ತಿದ್ದರು. ಯಾಕೆ ಹೀಗೆ ಅಂತ ಕೇಳಿದರು. ಹೇಳದೆ ವಿಧಿಯಿರಲಿಲ್ಲ. ಹಳೆಯ ಜೋಡು ಅರ್ಧ ಬೆರಳು ಸವೆದಿತ್ತು. ಹನ್ನೊಂದು ತಿಂಗಳು ಅದರ ಮೇಲೆ ನಡೆದೂ ನಡೆದೂ ಅವರ ಸೊಂಟ ಆ ಸವಕಲಿಗೇ ಒಗ್ಗಿಹೋಗಿತ್ತು. ಅಪ್ಪನ ಪುಸ್ತಕದ ಅಳತೆ ತಪ್ಪಾಗಿರಲಿಲ್ಲ, ನಾನು ಮಾಡಿದ ತಡ ಮಾಮನ ಮೈಯನ್ನೇ ತಿದ್ದಿತ್ತು. ದುಡ್ಡಿನ ವಿಷಯ ಹೇಳುವಾಗ ಬಾರದ ನಾಚಿಕೆ ಆಗ ಬಂತು. ನೆಲ ಬಾಯಿ ಬಿಡಲಿ ಅಂತ ಜನ ಯಾಕೆ ಅನ್ನುತ್ತಾರೆಂದು ತಿಳಿಯಿತು. ಮಂಡಿಯೂರಿದ್ದೆನಾದ್ದರಿಂದ ನೆಲ ಹತ್ತಿರದಲ್ಲೇ ಇತ್ತು.

"ಸರಿಹೋಗುತ್ತೆ ಮಾಮ," ಅಂದೆ. "ಈಗ ಬೆಂಡನ್ನ ಅರ್ಧ ಬೆರಳು ಇಳಿಸ್ತೀನಿ. ಆಮೇಲೆ ತಿಂಗಳಿಗೊಂದು ಪದರ ಚರ್ಮ ಸೇರಿಸ್ತಾ ಹೋದ್ರೆ ಸೊಂಟ ನಿಧಾನವಾಗಿ ಮೊದಲಿನ ಜಾಗಕ್ಕೆ ಬರುತ್ತೆ. ನಾಲ್ಕು ಪದರ."

"ಅಂದ್ರೆ ನಂಗೂ ಕಂತು?"

ನನಗೆ ನಗು ಬಂತು. ಅದರ ಬೆನ್ನಿಗೇ ಬಂದದ್ದು ನಗುವಲ್ಲ. ಮಾಮ ನನ್ನ ತಲೆ ಸವರಲಿಲ್ಲ, ಬಿಡು ಪುಟ್ಟಿ ಅನ್ನಲೂ ಇಲ್ಲ. ಹಳೆಯದನ್ನೇ ಮೆಟ್ಟಿ, ಹೊಸ ಜೋಡನ್ನು ಅಲ್ಲೇ ಬಿಟ್ಟು ಬಾಗಿಲವರೆಗೆ ಹೋಗಿ ತಿರುಗಿ, "ನಾಳೆ ಹೆಸರು ಬರಿ. ನನ್ನಪ್ಪನ ಹೆಸರೂ ಸೇರಿಸಿ ಪೂರ್ತಿ ಬರಿ," ಅಂದರು.

ಶುಕ್ರವಾರ ನಾಲ್ಕು ಹೆಸರಿನ ಕೆಳಗೆ ಐದನೆಯದನ್ನು ಬರೆದೆ. ಮುಂಗಡದ ಮೊತ್ತ ಬರೆದೆ. ಜೋಡು ಮಾಡಿದ್ದು, ಗುಟ್ಟಾಗಿ ಕೊಡಲು ಹೋದದ್ದು, ಅದು ಈಗ ಅಂಗಡಿಯಲ್ಲೇ ಇರುವುದು ಎಲ್ಲವನ್ನೂ ಹೇಳಿದೆ. ಮೇಡಂ ಕರವಸ್ತ್ರದ ಡಬ್ಬಿಯನ್ನು ಈಚೆಗೆ ತಳ್ಳಿದರು. ನನಗೆ ಅದು ಬೇಕಾಗಲಿಲ್ಲ. ಸಹಿ ಹಾಕಿದೆ.

ಮುಂದಿನ ವಾರ ಸರ್ಕಾರದ ದಿವಾಳಿ ಕಚೇರಿಯಿಂದ ಅಧಿಕಾರಿಯೊಬ್ಬರು ಸಾಮಾನು ಪಟ್ಟಿ ಮಾಡಲು ಬಂದರು. ಬೀದಿಯವರು ನೋಡಲಿ ಅಂತಲೋ ಏನೋ, ಮೊದಲು ಪರದೆ ಸರಿಸಿದರು. ಬೆಳಕು ಬೇಕಿತ್ತಂತೆ. ಯಂತ್ರಕ್ಕೆ ಚೀಟಿ ಅಂಟಿಸಿದರು. ಗಾಜಿನ ಉದ್ದಗಲ ಅಳೆದರು. ಸುತ್ತಿಗೆ, ದಬ್ಬಳ, ಚರ್ಮ ಕೊಯ್ಯುವ ರಂಪಿಗೆಯನ್ನು ಇಟ್ಟುಕೊಳ್ಳಿ ಅಂದರು. ಗೂಡಿನ ಮುಂದೆ ನಿಂತು, ಇವೆಲ್ಲ ಯಾರ ಕಾಲು ಅಂತ ಕೇಳಿದರು. ಅರ್ಧದಷ್ಟು ಜನ ಈಗಿಲ್ಲ ಅಂದೆ. ಅವನ್ನೂ ಬಿಟ್ಟರು. ಕೊನೆಗೆ ಡಬ್ಬಿ ತೆರೆದು ಮಾಮನ ಜೋಡನ್ನು ಕೈಗೆತ್ತಿಕೊಂಡರು. ತಿರುಗಿಸಿ ನೋಡಿ, ಒಳ್ಳೆ ಕೆಲಸ ಅಂದರು. ಅದಕ್ಕೂ ಚೀಟಿ ಅಂಟಿಸುತ್ತಾರೇನೋ ಅಂತ ಅವರ ಕೈಯನ್ನೇ ನೋಡುತ್ತಿದ್ದೆ.

"ಒಂದು ಯಾಕೆ ಎತ್ತರ ಇದೆ?"

ಹೇಳಿದೆ.

"ಬೇರೆ ಯಾರಿಗಾದ್ರೂ ಆಗುತ್ತಾ ಇದು?"

"ಯಾರಿಗೂ ಆಗಲ್ಲ ಸರ್."

ಅವರು ಪಟ್ಟಿಯಲ್ಲಿ ಬರೆದರು: ಜೋಡು, ಒಂದು ಜೊತೆ, ಬೆಲೆ ಸೊನ್ನೆ. ಮಾಡಿಸಿದವರಿಗೇ ಕೊಡಬಹುದು, ಕೊಟ್ಟ ಮೇಲೆ ಅವರ ಹತ್ತಿರ ಒಂದು ಸಹಿ ತಗೊಂಡು ಕಚೇರಿಗೆ ಕಳಿಸಿ, ಐದನೇ ಹೆಸರು ಹೊಡೆದುಹಾಕುತ್ತಾರೆ ಅಂದರು. ನಾನು ಜನ್ಮದಲ್ಲಿ ಮಾಡಿದ ಅತ್ಯುತ್ತಮ ಜೋಡಿಗೆ ಸರ್ಕಾರ ಕಟ್ಟಿದ ಬೆಲೆ ಅದು. ಅಷ್ಟು ಸಂತೋಷ ನನಗೆ ಯಾವ ಬೆಲೆಯೂ ಕೊಟ್ಟಿರಲಿಲ್ಲ.

ಬೆಂಡು ಇಳಿಸಿ ಕೊಟ್ಟಾಗ ಮಾಮ ಜೋಡು ಹಾಕಿಕೊಂಡರು, ಸಹಿ ಮಾತ್ರ ಹಾಕಲಿಲ್ಲ. ಕೆಲಸ ಮುಗೀಲಿ, ಆಮೇಲೆ ನೋಡೋಣ ಅಂದರು. ಅಷ್ಟರಲ್ಲಿ ಕಾಗದ ಅವರಿಗೆ ಮುಟ್ಟಿತ್ತು. ಅದರಲ್ಲಿ ಅವರನ್ನು ಹಕ್ಕುದಾರರು ಅಂತ ಕರೆದಿದ್ದರಂತೆ. ಅಂಗಡಿಗೆ ಬಂದವರಿಗೆಲ್ಲ, ಇಷ್ಟು ವರ್ಷಕ್ಕೆ ನಂಗೂ ಒಂದು ಬಿರುದು ಸಿಕ್ಕಿದೆ ನೋಡಿ ಅನ್ನುತ್ತಿದ್ದರು. ಚರ್ಮದ ವ್ಯಾಪಾರಿ ಹಾಗೆ ನಗಲಿಲ್ಲ. ಮಾರುಕಟ್ಟೆಯಲ್ಲಿ ಎದುರಾದಾಗ, ನಿಮ್ಮಪ್ಪನ ಹೆಸರು ನೋಡಿ ಕೊಟ್ಟಿದ್ದೆ ಅಂದು ಮುಖ ತಿರುಗಿಸಿ ಹೋದರು. ಅವರ ಬಾಕಿ ಕಾನೂನಿನ ಪ್ರಕಾರ ಬಿದ್ದುಹೋಗಿದೆ. ಆ ಮಾತು ಬಿದ್ದುಹೋಗುವ ಅರ್ಜಿ ಯಾವ ಕಚೇರಿಯಲ್ಲೂ ಇಲ್ಲ.

ಯಂತ್ರ ಹೋಯಿತು. ಮಾಲೀಕ ಅಂಗಡಿ ಬಿಡಿಸಿಕೊಂಡ. ಅಮ್ಮ ಮನೆಯ ಮುಂದಿನ ಕೋಣೆಯಿಂದ ತನ್ನ ಮಂಚ ತೆಗೆಸಿ, ಗೋಡೆಗೆ ತಾನೇ ನಿಂತು ಗೂಡು ಹೊಡೆಸಿದಳು. ಮರದ ಕಾಲುಗಳನ್ನು ಒಂದೊಂದಾಗಿ ಒರೆಸಿ ಜೋಡಿಸಿದಳು. ನನ್ನ ಜೊತೆ ಮಾತು ಕಡಿಮೆ, ಕಾಲುಗಳ ಜೊತೆ ಪರವಾಗಿಲ್ಲ. ಮಾಮನ ಎರಡನ್ನು ಮಾತ್ರ ನಾನು ಗೂಡಿಗೆ ಏರಿಸಗೊಡಲಿಲ್ಲ. ಅವು ಹೊಸ್ತಿಲ ಪಕ್ಕದಲ್ಲಿ, ಹೋಗಿಬರುವವರ ಕಣ್ಣಿಗೆ ಬೀಳುವ ಹಾಗೆ ನಿಂತಿದ್ದವು. ನೆಂಟರು ಬಂದವರು, ಇದ್ಯಾಕೆ ಇಲ್ಲಿ ಅಂತ ಕೇಳುತ್ತಿದ್ದರು. ಕೆಲಸ ಬಾಕಿ ಇದೆ ಅನ್ನುತ್ತಿದ್ದೆ.

ತಿಂಗಳ ಹತ್ತನೇ ತಾರೀಕೇ ಮಾಮ ಬರುತ್ತಿದ್ದರು, ಬೇಕಂತಲೇ. ಕಂತು ಕಟ್ಟಿಸ್ಕೊಳ್ಳೋಕೆ ಬಂದಿದ್ದೀನಿ ಅಂತ ಬಾಗಿಲಲ್ಲೇ ಕೂಗುತ್ತಿದ್ದರು, ಪಕ್ಕದ ಮನೆಯವರಿಗೂ ಕೇಳುವ ಹಾಗೆ. ನಾನು ಅವರನ್ನು ನಿಲ್ಲಿಸಿ ಅಳೆದು, ಒಂದು ಪದರ ಸೇರಿಸಿ, ಕೈಯಿಂದ ಹೊಲಿದು ಕೊಡುತ್ತಿದ್ದೆ. ಮೊದಲ ಪದರಕ್ಕೆ ಸೊಂಟ ನೋಯಿತು. ಎರಡನೆಯದಕ್ಕೆ ಸ್ವಲ್ಪ ಕಡಿಮೆ. ಮೂರನೆಯದಕ್ಕೆ ಮಾತಾಡದೆ ಹೋದರು.

ನಾಲ್ಕನೆಯದನ್ನು ಹೊಲಿದು ಮುಗಿಸಿದ ದಿನ ಅವರು ಕೋಣೆಯಲ್ಲಿ ಎರಡು ಸುತ್ತು ನಡೆದು, ಬಾಗಿಲು ದಾಟಿ ಬೀದಿಗಿಳಿದರು. ನಾನು ಒಳಗೇ ಕೂತು ಕಣ್ಣು ಮುಚ್ಚಿ ಕೇಳಿಸಿಕೊಂಡೆ. ಟಕ್, ಟಕ್, ಟಕ್, ಟಕ್. ಸದ್ದು ತಿರುವಿನವರೆಗೆ ಹೋಗಿ ವಾಪಸು ಬಂತು. ಮಾಮ ಹೊಸ್ತಿಲಲ್ಲಿ ನಿಂತು, ಕೊಡು ನಿನ್ನ ಕಾಗದ ಅಂದರು. ಗೋಡೆಗೆ ಆನಿಸಿಕೊಂಡು ಸಹಿ ಹಾಕಿದರು, ತಮ್ಮ ಅಪ್ಪನ ಹೆಸರನ್ನೂ ಸೇರಿಸಿ, ಪೂರ್ತಿ.

ಅವರು ಹೋದ ಮೇಲೆ ಮರದ ಕಾಲುಗಳೆರಡನ್ನೂ ಹೊಸ್ತಿಲ ಪಕ್ಕದಿಂದ ಎತ್ತಿದೆ. ಧೂಳು ಒರೆಸಿದೆ. ಗೂಡಿನಲ್ಲಿ ಅವುಗಳ ಜಾಗದಲ್ಲಿ ಇಟ್ಟೆ.